ಕಾಳು, ಹೊಟ್ಟು, ಜೊಳ್ಳು: ಕಣಗಳ ಡಿಕ್ಕಿಯಲ್ಲಿ ವಿಜ್ಞಾನಿಗಳು ಹುಡುಕುವುದೇನು?

ಕನ್ನಡದಲ್ಲಿ ‘ಕಣ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು, ಕಣ್ಣಿಗೆ ಕಾಣದಷ್ಟು ಸಣ್ಣ ಚೂರು. ಇನ್ನೊಂದು, ರಾಗಿಯನ್ನೋ ಭತ್ತವನ್ನೋ ಒಕ್ಕುವ ಜಾಗ. ಒಕ್ಕಣೆ ಕಂಡವರಿಗೆ ಗೊತ್ತು: ಮೊರ ಎತ್ತಿ ತೂರಿದರೆ ಹೊಟ್ಟು ಗಾಳಿಗೆ ಹಾರಿಹೋಗುತ್ತದೆ, ಕಾಳು ಕಾಲಬುಡದಲ್ಲಿ ರಾಶಿ ಬೀಳುತ್ತದೆ. ಆದರೆ ಕಾಳಿನ ಜೊತೆಗೆ ಒಂದಿಷ್ಟು ಜೊಳ್ಳೂ ಬಿದ್ದಿರುತ್ತದೆ. ಹೊರಗಿನಿಂದ ನೋಡಿದರೆ ಕಾಳಿನ ಹಾಗೆಯೇ, ಒಳಗೆ ಮಾತ್ರ ಏನೂ ಇಲ್ಲ. ಹೊಟ್ಟನ್ನು ಬೇರೆ ಮಾಡುವುದು ಸುಲಭ, ಜೊಳ್ಳನ್ನು ಆರಿಸುವುದೇ ಕಷ್ಟ.

ಸ್ವಿಟ್ಜರ್ಲೆಂಡಿನ ಜಿನೀವಾ ಬಳಿ ನೆಲದಡಿಯಲ್ಲಿರುವ ಎಲ್‌ಎಚ್‌ಸಿ, ಅಂದರೆ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ಎಂಬ ಯಂತ್ರದಲ್ಲಿ ನಡೆಯುತ್ತಿರುವುದೂ ಒಂದು ಒಕ್ಕಣೆಯೇ. ಆ ಯಂತ್ರ ಈಗ ಸುದ್ದಿಯಲ್ಲಿರುವುದಕ್ಕೆ ಕಾರಣವಿದೆ. 2026ರ ಮಧ್ಯಭಾಗದಿಂದ ಅದನ್ನು ಕೆಲವು ವರ್ಷ ನಿಲ್ಲಿಸಿ ದೊಡ್ಡ ಮಟ್ಟದಲ್ಲಿ ಮಾರ್ಪಡಿಸುವ ವೇಳಾಪಟ್ಟಿ ಇದೆ. ಅದರ ನಂತರ ಏನು ಕಟ್ಟಬೇಕು ಎಂಬ ಚರ್ಚೆಯೂ ಜೊತೆಗೇ ನಡೆದಿದೆ. 2025ರಲ್ಲಿ ಹೊರಬಂದ ಒಂದು ಯೋಜನಾ ವರದಿ ಸುಮಾರು 91 ಕಿಲೋಮೀಟರ್ ಸುತ್ತಳತೆಯ ಹೊಸ ಸುರಂಗವನ್ನು ಮುಂದಿಟ್ಟಿದೆ. ಅದರ ಮೊದಲ ಹಂತದ ಖರ್ಚೇ ಸುಮಾರು 1500 ಕೋಟಿ ಸ್ವಿಸ್ ಫ್ರಾಂಕ್. ಇಷ್ಟು ಹಣ ಸುರಿದು ಕಣ್ಣಿಗೆ ಕಾಣದ ಚೂರುಗಳನ್ನು ಡಿಕ್ಕಿ ಹೊಡೆಸುವುದು ಯಾಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ.

2024ರ ಅಕ್ಟೋಬರ್ 25ರಂದು ಕಣ ವಿಜ್ಞಾನಿ ಪ್ರೊ. ರೋಹಿಣಿ ಗೋಡ್ಬೋಲೆ ತೀರಿಕೊಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹಳೆಯ ಬೆಂಗಳೂರಿಗರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವಲ್ಲಿ, ಎರಡು ದಶಕಕ್ಕೂ ಹೆಚ್ಚು ಕಾಲ ಕೆಲಸ ಮಾಡಿದವರು. ಅವರ ಹೆಸರನ್ನು ಅಂದೇ ಮೊದಲ ಸಲ ಕೇಳಿದವರು ಅನೇಕರಿರಬಹುದು. ಅವರು ಜೀವನವಿಡೀ ಮಾಡಿದ್ದು ಈ ಒಕ್ಕಣೆಗೆ ಸಂಬಂಧಿಸಿದ ಕೆಲಸ. ಅದರಲ್ಲೂ ಜೊಳ್ಳು ಎಲ್ಲಿಂದ ಬರುತ್ತದೆ ಎಂದು ಯಂತ್ರ ಕಟ್ಟುವ ಮೊದಲೇ ಲೆಕ್ಕ ಹಾಕಿ ಹೇಳಿದ್ದು. ಅದು ಅರ್ಥವಾಗಬೇಕಾದರೆ ಬುಡದಿಂದ ಬರಬೇಕು.

ಡಿಕ್ಕಿ ಹೊಡೆಸುವುದು ಯಾಕೆ?

ಕಣಗಳ ಡಿಕ್ಕಿ ಎಂದೊಡನೆ ತೆಂಗಿನಕಾಯಿ ಒಡೆದು ಒಳಗೇನಿದೆ ಎಂದು ನೋಡುವ ಚಿತ್ರ ಮನಸ್ಸಿಗೆ ಬರುತ್ತದೆ. ಅದು ಅರ್ಧ ಮಾತ್ರ ಸರಿ. ತೆಂಗಿನಕಾಯಿ ಒಡೆದರೆ ಮೊದಲೇ ಒಳಗಿದ್ದದ್ದು ಹೊರಬರುತ್ತದೆ. ಕಣಗಳ ಡಿಕ್ಕಿಯಲ್ಲಿ ಮೊದಲು ಇಲ್ಲದ್ದೂ ಹುಟ್ಟುತ್ತದೆ. ಶಕ್ತಿ ಮತ್ತು ದ್ರವ್ಯರಾಶಿ ಒಂದರಿಂದ ಇನ್ನೊಂದಕ್ಕೆ ಬದಲಾಗಬಲ್ಲವು ಎಂದು 1905ರಲ್ಲಿ ಐನ್‌ಸ್ಟೈನ್ ತೋರಿಸಿದರು. ವೇಗವಾಗಿ ಬಂದ ಎರಡು ಕಣಗಳು ಢಿಕ್ಕಿಯಾದಾಗ ಅವುಗಳ ಓಟದ ಶಕ್ತಿ ಹೊಸ ಕಣಗಳ ರೂಪ ತಾಳುತ್ತದೆ. ಭಾರದ ಕಣ ಬೇಕಿದ್ದರೆ ಹೆಚ್ಚು ಶಕ್ತಿ ಹೂಡಬೇಕು. ಅಂಗಡಿಯಲ್ಲಿ ಎಷ್ಟು ದುಡ್ಡು ಕೊಟ್ಟರೆ ಅಷ್ಟು ತೂಕ ಸಿಗುವ ಹಾಗೆ.

ಈ ವ್ಯಾಪಾರದ ನಾಣ್ಯ ‘ಎಲೆಕ್ಟ್ರಾನ್ ವೋಲ್ಟ್’. ಒಂದು ವೋಲ್ಟಿನ ಅಂತರ ದಾಟಿದ ಎಲೆಕ್ಟ್ರಾನ್ ಗಳಿಸುವ ಶಕ್ತಿ ಅದು. ತೀರಾ ಚಿಲ್ಲರೆಯಾದ್ದರಿಂದ ನೂರು ಕೋಟಿ ಎಲೆಕ್ಟ್ರಾನ್ ವೋಲ್ಟನ್ನು ಒಂದು ನೋಟು ಮಾಡಿಕೊಂಡು ‘ಜಿಇವಿ’ ಎನ್ನುತ್ತಾರೆ. ಒಂದು ಪ್ರೋಟಾನಿನ ದ್ರವ್ಯರಾಶಿ ಹೆಚ್ಚುಕಡಿಮೆ ಒಂದು ಜಿಇವಿ. ಬೇರೆ ಮೂಲಕಣಗಳಿಗೆ ದ್ರವ್ಯರಾಶಿ ಬರುವುದರ ಜೊತೆ ನಂಟಿರುವ, 2012ರಲ್ಲಿ ಸಿಕ್ಕ ಹಿಗ್ಸ್ ಬೋಸಾನ್ ಎಂಬ ಕಣ ಸುಮಾರು 125 ಜಿಇವಿ, ಅಂದರೆ 133 ಪ್ರೋಟಾನುಗಳಷ್ಟು ಭಾರ. ಒಂದು ಹಾರುವ ಸೊಳ್ಳೆಯ ಓಟದ ಶಕ್ತಿ ಸುಮಾರು 1000 ಜಿಇವಿ ಎಂದರೆ ಇದೇನು ಮಹಾ ಎನಿಸೀತು. ಆದರೆ ಸೊಳ್ಳೆಯಲ್ಲಿ ಆ ಶಕ್ತಿ ಲೆಕ್ಕವಿಲ್ಲದಷ್ಟು ಪರಮಾಣುಗಳಿಗೆ ಹಂಚಿಹೋಗಿದೆ. ಇಲ್ಲಿ ಒಂದೇ ಒಂದು ಪ್ರೋಟಾನಿಗೆ 6800 ಜಿಇವಿ ತುಂಬುತ್ತಾರೆ.

ಎರಡು ದಿಕ್ಕಿನಿಂದ ಓಡಿಸುವುದು ಯಾಕೆ, ಒಂದನ್ನು ಸುಮ್ಮನೆ ನಿಲ್ಲಿಸಿ ಇನ್ನೊಂದನ್ನು ಗುದ್ದಿಸಬಾರದೇ? ಇಲ್ಲಿ ಬರುವ ಲೆಕ್ಕ ನನಗೆ ಪ್ರತಿ ಸಲವೂ ಅಚ್ಚರಿ ತರಿಸುತ್ತದೆ. ನಿಂತ ಗಾಡಿಗೆ ಹಿಂದಿನಿಂದ ಲಾರಿ ಗುದ್ದಿದರೆ ಎರಡೂ ಸೇರಿ ಮುಂದಕ್ಕೆ ಉರುಳುತ್ತವೆ. ಶಕ್ತಿಯ ದೊಡ್ಡ ಪಾಲು ಆ ಉರುಳಾಟಕ್ಕೇ ಹೋಗುತ್ತದೆ. ಎದುರುಬದುರು ಗುದ್ದಿದರೆ ಎರಡೂ ಅಲ್ಲೇ ನಿಲ್ಲುತ್ತವೆ, ಶಕ್ತಿಯೆಲ್ಲ ನಜ್ಜುಗುಜ್ಜಾಗುವುದಕ್ಕೇ ಬಳಕೆಯಾಗುತ್ತದೆ. ಬೆಳಕಿನ ವೇಗದ ಹತ್ತಿರ ಈ ವ್ಯತ್ಯಾಸ ವಿಪರೀತವಾಗುತ್ತದೆ. 6800 ಜಿಇವಿಯ ಪ್ರೋಟಾನ್ ನಿಂತ ಪ್ರೋಟಾನಿಗೆ ಗುದ್ದಿದರೆ ಹೊಸ ಕಣ ಹುಟ್ಟಿಸಲು ಉಳಿಯುವುದು ಸುಮಾರು 113 ಜಿಇವಿ ಮಾತ್ರ. ಒಂದೇ ಒಂದು ಹಿಗ್ಸ್‌ಗೂ ಸಾಲದು. ಅದೇ ಎರಡು ಪ್ರೋಟಾನುಗಳು ಎದುರುಬದುರಾದರೆ 13,600 ಜಿಇವಿ ಪೂರ್ತಿ ಸಿಗುತ್ತದೆ. ಕೊಲೈಡರ್ ಎಂಬ ಯಂತ್ರದ ಹುಟ್ಟಿಗೆ ಕಾರಣ ಈ ಎರಡು ಸಂಖ್ಯೆಗಳ ನಡುವಿನ ಅಂತರ.

ಪ್ರಕೃತಿಯೇ ಕಳುಹಿಸುವ ವೇಗದ ಕಣಗಳೂ ಇವೆ, ಅವೇ ವಿಶ್ವಕಿರಣಗಳು. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಆಳದಲ್ಲಿ, ವಿಶ್ವಕಿರಣಗಳು ವಾಯುಮಂಡಲದಲ್ಲಿ ಹುಟ್ಟಿಸುವ ನ್ಯೂಟ್ರಿನೋ ಎಂಬ, ಯಾವುದಕ್ಕೂ ಅಷ್ಟಾಗಿ ತಾಗದೆ ಸಾಗುವ ಕಣಗಳ ಗುರುತನ್ನು 1965ರಲ್ಲೇ ಹಿಡಿದಿದ್ದರು. ಭಾರತ, ಜಪಾನ್, ಬ್ರಿಟನ್‌ಗಳ ವಿಜ್ಞಾನಿಗಳು ಕೂಡಿ ಮಾಡಿದ ಕೆಲಸ ಅದು. ಆದರೆ ವಿಶ್ವಕಿರಣ ಮಳೆಯಿದ್ದ ಹಾಗೆ: ಬಂದಾಗ ಬಂತು. ಬೇಕಾದ ಶಕ್ತಿಯಲ್ಲಿ, ಬೇಕಾದ ಜಾಗದಲ್ಲಿ, ಬೇಕಾದಷ್ಟು ಸಲ ಬೇಕೆಂದರೆ ಬಾವಿ ತೋಡಲೇಬೇಕು.

ಕಡಲೆಕಾಯಿ ಮೂಟೆಯೋ, ಗೋಲಿಯೋ?

ಯಾವ ಕಣವನ್ನು ಓಡಿಸಬೇಕು? ಮುಖ್ಯವಾಗಿ ಇರುವ ಆಯ್ಕೆ ಎರಡು. ಪ್ರೋಟಾನ್ ಒಂದು ಕಡಲೆಕಾಯಿ ಮೂಟೆ. ಅದರೊಳಗೆ ಕ್ವಾರ್ಕ್‌ಗಳೂ ಅವನ್ನು ಅಂಟಿಸುವ ಗ್ಲುವಾನ್‌ಗಳೂ ಕಿಕ್ಕಿರಿದಿವೆ. ಎರಡು ಮೂಟೆಗಳನ್ನು ಎದುರುಬದುರು ಎಸೆದರೆ ನಿಜಕ್ಕೂ ಜೋರಾಗಿ ತಾಗುವುದು ಈ ಮೂಟೆಯ ಒಂದು ಕಾಯಿ, ಆ ಮೂಟೆಯ ಒಂದು ಕಾಯಿ. ಉಳಿದದ್ದು ಸುತ್ತಲೂ ಚೆಲ್ಲಾಡುತ್ತದೆ. ತಾಗಿದ ಎರಡು ಕಾಯಿಗಳು ಎಷ್ಟು ಶಕ್ತಿ ತಂದಿದ್ದವು ಎಂಬುದೂ ಪ್ರತಿ ಸಲ ಬೇರೆ.

ಎಲೆಕ್ಟ್ರಾನ್ ಗೋಲಿ ಇದ್ದಂತೆ. ನಮಗೆ ತಿಳಿದಮಟ್ಟಿಗೆ ಅದರೊಳಗೆ ಬೇರೇನೂ ಇಲ್ಲ. ಎಲೆಕ್ಟ್ರಾನ್ ಮತ್ತು ಅದರ ವಿರುದ್ಧ ವಿದ್ಯುದಂಶದ ಜೋಡಿ ಪಾಸಿಟ್ರಾನ್ ಡಿಕ್ಕಿಯಾದರೆ ಎರಡೂ ಅಳಿದು, ತಂದ ಶಕ್ತಿಯಷ್ಟೂ ಹೊಸ ಕಣಕ್ಕೆ ಸಿಗುತ್ತದೆ. ಎಷ್ಟು ಹಾಕಿದೆವು ಎಂಬುದು ಗೊತ್ತು, ಚೆಲ್ಲಾಟ ಕಡಿಮೆ. ನಿಖರವಾದ ಅಳತೆಗೆ ಇದೇ ಒಳ್ಳೆಯದು.

ಹಾಗಾದರೆ ಎಲೆಕ್ಟ್ರಾನನ್ನೇ ಬಳಸಬಹುದಲ್ಲ? ಬಳಸಿದ್ದಾರೆ. ಈಗ ಎಲ್‌ಎಚ್‌ಸಿ ಇರುವ ಇದೇ 27 ಕಿಲೋಮೀಟರ್ ಸುರಂಗದಲ್ಲಿ 1989ರಿಂದ 2000ದವರೆಗೆ ‘ಲೆಪ್’ ಎಂಬ ಎಲೆಕ್ಟ್ರಾನ್–ಪಾಸಿಟ್ರಾನ್ ಯಂತ್ರ ಇತ್ತು. ತೊಂದರೆ ಏನೆಂದರೆ, ವಿದ್ಯುದಂಶ ಇರುವ ಕಣವನ್ನು ತಿರುವಿನಲ್ಲಿ ಓಡಿಸಿದರೆ ಅದು ಬೆಳಕು ಚೆಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಹಗುರ ಕಣ ಹೆಚ್ಚು ಕಳೆದುಕೊಳ್ಳುತ್ತದೆ, ಮತ್ತು ಕಣದ ಶಕ್ತಿ ಎರಡು ಪಟ್ಟಾದರೆ ಈ ನಷ್ಟ 16 ಪಟ್ಟಾಗುತ್ತದೆ. ಲೆಪ್ ತನ್ನ ಕೊನೆಯ ದಿನಗಳಲ್ಲಿ ಸುಮಾರು 104 ಜಿಇವಿಯ ಎಲೆಕ್ಟ್ರಾನುಗಳನ್ನು ಓಡಿಸುತ್ತಿದ್ದಾಗ ಪ್ರತಿ ಸುತ್ತಿಗೂ ಅವು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತಿದ್ದವು. ಸೆಕೆಂಡಿಗೆ ಹನ್ನೊಂದು ಸಾವಿರ ಸುತ್ತು! ತಳ ಒಡೆದ ಕೊಡಕ್ಕೆ ನೀರು ಸುರಿದಂತೆ, ಸುರಿಯುತ್ತಲೇ ಇರಬೇಕು.

ಈ ಕಗ್ಗಂಟಿಗೆ ಎರಡು ದಾರಿಗಳಿದ್ದವು. ಮೊದಲನೆಯದು, ಎಲೆಕ್ಟ್ರಾನಿಗಿಂತ 1836 ಪಟ್ಟು ಭಾರದ ಪ್ರೋಟಾನನ್ನು ಓಡಿಸುವುದು. ಮೂಟೆಯ ಚೆಲ್ಲಾಟವನ್ನು ಸಹಿಸಿಕೊಂಡರೆ ಶಕ್ತಿ ಏರಿಸಬಹುದು. ಎಲ್‌ಎಚ್‌ಸಿ ಹಿಡಿದದ್ದು ಈ ದಾರಿ. ಎರಡನೆಯದು, ತಿರುವನ್ನೇ ತೆಗೆದುಬಿಡುವುದು: ನೇರ ಗೆರೆಯಲ್ಲಿ ಎರಡು ಕಡೆಯಿಂದ ಎಲೆಕ್ಟ್ರಾನ್, ಪಾಸಿಟ್ರಾನ್ ಹಾರಿಸಿ ನಡುವೆ ಡಿಕ್ಕಿ ಹೊಡೆಸುವುದು. ಗೋಡ್ಬೋಲೆಯವರ ಹೆಸರು ಸೇರಿಕೊಳ್ಳುವುದು ಈ ಎರಡನೆಯ ದಾರಿಯಲ್ಲಿ. ಮೊದಲು ಸುರಂಗಕ್ಕೆ ಇಳಿದು ಬರೋಣ.

ನೆಲದಡಿಯ ಒಕ್ಕಣೆ

ಎಲ್‌ಎಚ್‌ಸಿ ಸರ್ನ್ ಎಂಬ ಯುರೋಪಿನ ಸಂಶೋಧನಾ ಸಂಸ್ಥೆಯದು. ಫ್ರಾನ್ಸ್–ಸ್ವಿಟ್ಜರ್ಲೆಂಡ್ ಗಡಿಯ ಅಡಿಯಲ್ಲಿ, ಸುಮಾರು 100 ಮೀಟರ್ ಆಳದಲ್ಲಿ ಇದರ ಉಂಗುರವಿದೆ. ಪ್ರೋಟಾನುಗಳನ್ನು ಉಂಗುರದ ದಾರಿಯಲ್ಲೇ ಬಾಗಿಸಿ ಹಿಡಿಯಲು 1232 ದೊಡ್ಡ ಅಯಸ್ಕಾಂತಗಳಿವೆ. ಒಂದೊಂದೂ 15 ಮೀಟರ್ ಉದ್ದ, ಸುಮಾರು 35 ಟನ್ ತೂಕ. ಅವುಗಳ ತಂತಿಯಲ್ಲಿ ವಿದ್ಯುತ್ತು ಅಡೆತಡೆಯಿಲ್ಲದೆ ಹರಿಯಬೇಕಾದರೆ ತೀವ್ರ ಚಳಿ ಬೇಕು. ದ್ರವ ಹೀಲಿಯಂ ಬಳಸಿ ಅವನ್ನು ಮೈನಸ್ 271 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸುತ್ತಾರೆ.

ಈ ಅಯಸ್ಕಾಂತಗಳು ಕೂದಲೆಳೆಯಷ್ಟೂ ಅತ್ತಿತ್ತ ಸರಿಯಬಾರದು. ಅವನ್ನು ಹೊತ್ತು ನಿಂತ, ನಿಖರವಾಗಿ ಹೊಂದಿಸಬಲ್ಲ ಜ್ಯಾಕ್‌ಗಳು ಏಳು ಸಾವಿರದಷ್ಟಿದ್ದು, ಭಾರತದಿಂದ ಹೋದವು. ಇಂದೋರಿನ ಆರ್‌ಆರ್‌ಕ್ಯಾಟ್ ಎಂಬ ಸಂಶೋಧನಾ ಸಂಸ್ಥೆ ಅದರ ಹೊಣೆ ಹೊತ್ತಿತ್ತು. ತಯಾರಿಕೆಯ ಒಂದು ಪಾಲು ನಡೆದದ್ದು ಬೆಂಗಳೂರಿನಲ್ಲಿ.

ಪ್ರೋಟಾನುಗಳು ಗೊಂಚಲು ಗೊಂಚಲಾಗಿ ಓಡುತ್ತವೆ. ಒಂದು ಗೊಂಚಲಿನಲ್ಲಿ ಹತ್ತು ಸಾವಿರ ಕೋಟಿಗೂ ಹೆಚ್ಚು ಪ್ರೋಟಾನುಗಳು. ಗೊಂಚಲುಗಳು ಸೆಕೆಂಡಿಗೆ ನಾಲ್ಕು ಕೋಟಿ ಸಲದ ಲಯದಲ್ಲಿ ಒಂದರೊಳಗೊಂದು ಹಾಯ್ದುಹೋಗುತ್ತವೆ. ಇಷ್ಟೊಂದು ಇದ್ದರೂ ಒಂದು ಹಾಯುವಿಕೆಯಲ್ಲಿ ನಿಜವಾಗಿ ಡಿಕ್ಕಿಯಾಗುವುದು ಕೆಲವು ಡಜನ್ ಜೋಡಿಗಳು ಮಾತ್ರ, ಉಳಿದವು ಸಲೀಸಾಗಿ ದಾಟಿಕೊಳ್ಳುತ್ತವೆ. ಅಷ್ಟಾದರೂ ಒಟ್ಟು ಲೆಕ್ಕ ಸೆಕೆಂಡಿಗೆ ನೂರು ಕೋಟಿ ಡಿಕ್ಕಿಗಳನ್ನು ಮುಟ್ಟುತ್ತದೆ.

ಡಿಕ್ಕಿಯಾಗುವ ಜಾಗದ ಸುತ್ತ ಪತ್ತೆಯಂತ್ರಗಳಿವೆ. ಅವುಗಳಲ್ಲಿ ಒಂದಾದ ಸಿಎಂಎಸ್ ಸುಮಾರು 14,000 ಟನ್ ತೂಗುತ್ತದೆ. ಈರುಳ್ಳಿಯಂತೆ ಪದರ ಪದರವಾಗಿರುವ ಇದರ ಒಂದೊಂದು ಪದರಕ್ಕೂ ಒಂದೊಂದು ಕೆಲಸ. ಒಳಗಿನ ಸಿಲಿಕಾನ್ ಪದರ ವಿದ್ಯುದಂಶವಿರುವ ಕಣಗಳ ದಾರಿ ಗುರುತಿಸುತ್ತದೆ. ಮುಂದಿನದು ಸೀಸ ಬೆರೆತ ಪಾರದರ್ಶಕ ಹರಳುಗಳದು, ಎಲೆಕ್ಟ್ರಾನ್ ಮತ್ತು ಫೋಟಾನ್ ಅಲ್ಲಿ ನಿಲ್ಲುತ್ತವೆ. (ಫೋಟಾನ್ ಎಂದರೆ ಬೆಳಕಿನ ಒಂದು ಬಿಡಿ ಕಣ.) ಅದರಾಚೆಯ ಹಿತ್ತಾಳೆಯ ಪದರಗಳಲ್ಲಿ ಕ್ವಾರ್ಕ್‌ಗಳಿಂದಾದ ಕಣಗಳು ನಿಲ್ಲುತ್ತವೆ. ಎಲ್ಲವನ್ನೂ ತೂರಿ ಹೊರಗೆ ಬರುವ ಮ್ಯೂಆನ್‌ಗಳನ್ನು, ಅಂದರೆ ಎಲೆಕ್ಟ್ರಾನಿನ ಜಾತಿಯದೇ ಆದ ಭಾರದ ಕಣಗಳನ್ನು, ಕೊನೆಯ ಪದರ ಹಿಡಿಯುತ್ತದೆ.

ಇಷ್ಟು ಡಿಕ್ಕಿಗಳ ವಿವರವನ್ನೆಲ್ಲ ಬರೆದಿಡಲು ಯಾವ ಕಂಪ್ಯೂಟರಿಗೂ ಆಗದು. ಆದ್ದರಿಂದ ಅಲ್ಲೇ, ಆ ಕ್ಷಣವೇ ತೂರಬೇಕು. ಸಿಎಂಎಸ್‌ನಲ್ಲಿ ಮೊದಲ ತೂರಾಟ ಎಲೆಕ್ಟ್ರಾನಿಕ್ ಸರ್ಕ್ಯೂಟುಗಳದು: ಸೆಕೆಂಡಿಗೆ ನಾಲ್ಕು ಕೋಟಿ ಹಾಯುವಿಕೆಗಳಲ್ಲಿ ಒಂದು ಲಕ್ಷದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಿಟ್ಟುಬಿಡುತ್ತದೆ. ಅದಕ್ಕೆ ಸಿಗುವ ಸಮಯ ಸೆಕೆಂಡಿನ ಲಕ್ಷದಲ್ಲೊಂದು ಭಾಗಕ್ಕಿಂತ ಕಡಿಮೆ. ಎರಡನೆಯ ತೂರಾಟ ಕಂಪ್ಯೂಟರುಗಳದು: ಆ ಒಂದು ಲಕ್ಷದಲ್ಲಿ ಕೆಲವು ಸಾವಿರ ಮಾತ್ರ ಉಳಿಯುತ್ತದೆ. ಬಿಟ್ಟದ್ದು ಮತ್ತೆ ಸಿಗುವುದಿಲ್ಲ. ಯಾವುದನ್ನು ಬಿಡಬೇಕು ಎಂಬ ನಿಯಮವನ್ನು ಮೊದಲೇ ಬರೆದಿಡಬೇಕಾದ್ದರಿಂದ, ಏನನ್ನು ಹುಡುಕುತ್ತಿದ್ದೇವೆ ಎಂಬುದೂ ಮೊದಲೇ ಗೊತ್ತಿರಬೇಕು.

ಜೊಳ್ಳು ಎಂದರೆ ಯಾವುದು?

ಹಿಗ್ಸ್ ಬೋಸಾನ್ ಹುಟ್ಟುವುದು ನೂರು ಕೋಟಿ ಡಿಕ್ಕಿಗಳಿಗೆ ಒಂದರಂತೆ. ಹುಟ್ಟಿದ್ದನ್ನು ಯಾರೂ ನೇರವಾಗಿ ನೋಡಲಾರರು, ಕಣ್ಣು ಮಿಟುಕಿಸುವುದರ ಎಷ್ಟೋ ಕೋಟಿಯ ಒಂದು ಪಾಲಿನಲ್ಲಿ ಅದು ಒಡೆದು ಬೇರೆ ಕಣಗಳಾಗಿರುತ್ತದೆ. ಒಡೆಯುವ ಬಗೆಗಳು ಹಲವು. ಅದರಲ್ಲಿ ಒಂದು, ಎರಡು ಫೋಟಾನುಗಳಾಗಿ ಒಡೆಯುವುದು. ಸಾವಿರ ಹಿಗ್ಸ್‌ಗಳಲ್ಲಿ ಎರಡಕ್ಕಷ್ಟೇ ಈ ಗತಿ. ಆದರೂ ಫೋಟಾನುಗಳನ್ನು ಬಹಳ ನಿಖರವಾಗಿ ಅಳೆಯಬಹುದಾದ್ದರಿಂದ 2012ರ ಶೋಧನೆಯಲ್ಲಿ ಈ ದಾರಿ ಮುಖ್ಯವಾಯಿತು.

ಕಷ್ಟ ಏನೆಂದರೆ, ಹಿಗ್ಸ್ ಇಲ್ಲದೆಯೂ ಎರಡು ಫೋಟಾನುಗಳು ಹುಟ್ಟುತ್ತವೆ, ಅದೂ ಬಹಳ ಹೆಚ್ಚು ಸಲ. ಇದು ಒಂದು ಬಗೆಯ ಜೊಳ್ಳು. ಇನ್ನೊಂದು ಬಗೆ ಮತ್ತೂ ಮೋಸದ್ದು. ಪೈಆನ್ ಎಂಬ ಸಾಮಾನ್ಯ ಕಣವೊಂದು ಒಡೆದು ಎರಡು ಫೋಟಾನುಗಳಾಗುತ್ತದೆ. ಅವು ಎಷ್ಟು ಒತ್ತೊತ್ತಾಗಿ ಸಾಗುತ್ತವೆ ಎಂದರೆ ಪತ್ತೆಯಂತ್ರಕ್ಕೆ ಒಂದೇ ಫೋಟಾನಿನಂತೆ ಕಾಣುತ್ತವೆ. ದೂರದಿಂದ ಬರುವ ಕಾರಿನ ಎರಡು ದೀಪಗಳು ಬೈಕಿನ ಒಂದೇ ದೀಪದ ಹಾಗೆ ತೋರುವಂತೆ. ಇವನ್ನು ಬೇರ್ಪಡಿಸಲೆಂದೇ ಸಿಎಂಎಸ್‌ನ ಎರಡು ತುದಿಗಳಲ್ಲಿ, ಹರಳುಗಳ ಮುಂದೆ, ಸಿಲಿಕಾನ್ ಪಟ್ಟಿಗಳ ಒಂದು ಪದರ ಇಟ್ಟಿದ್ದಾರೆ. ಅದರ ಪಟ್ಟಿಗಳಲ್ಲಿ ಒಂದು ಪಾಲನ್ನು ಭಾಭಾ ಅಣು ಸಂಶೋಧನಾ ಕೇಂದ್ರದ ವಿನ್ಯಾಸದಂತೆ ತಯಾರಿಸಿಕೊಟ್ಟದ್ದು ಬೆಂಗಳೂರಿನ ಬಿಇಎಲ್, ಭಾರತ್ ಎಲೆಕ್ಟ್ರಾನಿಕ್ಸ್.

ಯಂತ್ರ ಎಷ್ಟು ಚೆನ್ನಾಗಿದ್ದರೂ ಜೊಳ್ಳು ಪೂರ್ತಿ ಹೋಗುವುದಿಲ್ಲ. ಆಗ ಉಳಿಯುವ ದಾರಿ ಎಣಿಕೆ. ಎರಡು ಫೋಟಾನುಗಳ ಶಕ್ತಿಯನ್ನೂ ದಿಕ್ಕನ್ನೂ ಕೂಡಿಸಿ, ಅವು ಒಂದೇ ಕಣದಿಂದ ಬಂದಿದ್ದರೆ ಆ ಕಣದ ಭಾರ ಎಷ್ಟಿರಬೇಕಿತ್ತು ಎಂದು ಲೆಕ್ಕ ಹಾಕುತ್ತಾರೆ. ಲಕ್ಷಾಂತರ ಜೋಡಿಗಳಿಗೆ ಹೀಗೆ ಮಾಡಿ ನಕ್ಷೆ ಬರೆದರೆ ಜೊಳ್ಳಿನಿಂದ ಸಮನಾದ ಇಳಿಜಾರು ಬರುತ್ತದೆ. ಹಿಗ್ಸ್ ಇದ್ದರೆ ಆ ಇಳಿಜಾರಿನ ಮೇಲೆ 125ರ ಬಳಿ ಒಂದು ಸಣ್ಣ ಉಬ್ಬು. ಜೊಳ್ಳೇ ಅಕಸ್ಮಾತ್ತಾಗಿ ಅಷ್ಟು ಉಬ್ಬುವ ಸಾಧ್ಯತೆ 35 ಲಕ್ಷಕ್ಕೆ ಒಂದರಷ್ಟು ಕಡಿಮೆಯಾದಾಗ ಮಾತ್ರ ‘ಕಂಡುಹಿಡಿದೆವು’ ಎನ್ನುವುದು ಈ ಕ್ಷೇತ್ರದ ಕಟ್ಟುಪಾಡು. ನಾಣ್ಯ ಚಿಮ್ಮಿದಾಗ ಒಂದರ ಹಿಂದೆ ಒಂದು ಸುಮಾರು 22 ಸಲ ಒಂದೇ ಮುಖ ಬಿದ್ದಂತೆ. 2012ರ ಜುಲೈ 4ರಂದು ಸಿಎಂಎಸ್ ಮತ್ತು ಅಟ್ಲಾಸ್ ಎಂಬ ಎರಡು ತಂಡಗಳು ತಾವು ತಾವಾಗಿಯೇ ಆ ಗೆರೆ ಮುಟ್ಟಿದ್ದನ್ನು ತಿಳಿಸಿದವು. 1964ರಲ್ಲಿ ಕಾಗದದ ಮೇಲೆ ಮೂಡಿದ ಕಣಕ್ಕೆ 48 ವರ್ಷಗಳ ಮೇಲೆ ಸಾಕ್ಷಿ ಸಿಕ್ಕಿತು.

ಆ ಇಳಿಜಾರು ಹೇಗಿರಬೇಕು ಎಂದು ಸರಿಯಾಗಿ ತಿಳಿಯದಿದ್ದರೆ ಉಬ್ಬು ಉಬ್ಬೇ ಎಂದು ಹೇಳಲು ಬರುವುದಿಲ್ಲ. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಹೊಸ ಕಣದ ಸುದ್ದಿ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಜೊಳ್ಳಿನ ಲೆಕ್ಕ ಎಲ್ಲಿಯೂ ಬರುವುದಿಲ್ಲ. ಆದರೆ ವಿಜ್ಞಾನಿಗಳ ಶ್ರಮದ ದೊಡ್ಡ ಪಾಲು ಹೋಗುವುದು ಅಲ್ಲಿಗೇ.

ಗೋಡ್ಬೋಲೆಯವರ ಕೆಲಸ ಯಾವ ಬಗೆಯದು?

ಕಣ ವಿಜ್ಞಾನದಲ್ಲಿ ಯಂತ್ರ ಕಟ್ಟಿ ಅಳೆಯುವವರು ಒಂದು ಕಡೆ, ಪ್ರಕೃತಿಯ ನಿಯಮಗಳ ಗಣಿತ ಬರೆಯುವವರು ಇನ್ನೊಂದು ಕಡೆ. ಇವರಿಬ್ಬರ ನಡುವೆ ಮೂರನೆಯ ಬಳಗವೊಂದಿದೆ. ‘ಈ ಸಿದ್ಧಾಂತ ನಿಜವಾದರೆ ಆ ಯಂತ್ರದಲ್ಲಿ ಏನು ಕಾಣಿಸಬೇಕು, ಎಷ್ಟು ಸಲ, ಯಾವ ಕೋನದಲ್ಲಿ, ಅದರ ಹಾಗೆಯೇ ಕಾಣುವ ಬೇರೆ ಏನೇನು ಇರುತ್ತದೆ’ ಎಂದು ಲೆಕ್ಕ ಹಾಕುವುದು ಅವರ ಕೆಲಸ. ಗೋಡ್ಬೋಲೆ ಈ ಬಳಗದವರು.

1952ರಲ್ಲಿ ಪುಣೆಯಲ್ಲಿ ಹುಟ್ಟಿದ ಅವರು ಅಮೆರಿಕದ ಸ್ಟೋನಿ ಬ್ರೂಕ್‌ನಲ್ಲಿ ಪಿಎಚ್‌ಡಿ ಮಾಡಿ, ಮುಂಬೈಗೆ ಮರಳಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಆಮೇಲೆ ಮುಂಬೈ ವಿಶ್ವವಿದ್ಯಾಲಯದಲ್ಲೂ ಕೆಲಸ ಮಾಡಿದರು. 1995ರಲ್ಲಿ ಬೆಂಗಳೂರಿಗೆ ಬಂದರು. ವಿಜ್ಞಾನದಲ್ಲಿ ಹೆಣ್ಣುಮಕ್ಕಳಿಗೆ ಎದುರಾಗುವ ಅಡೆತಡೆಗಳ ಬಗ್ಗೆ ಗಟ್ಟಿಯಾಗಿ ಮಾತಾಡಿದವರು ಅವರು. 2019ರಲ್ಲಿ ಪದ್ಮಶ್ರೀ ಬಂತು. ಅವರ ಹೆಸರು ಅಂಟಿಕೊಂಡಿರುವ ಕೆಲಸ ಮಾತ್ರ 1991ರದು, ಮುಂಬೈ ದಿನಗಳದು.

ಬೆಳಕಿನಿಂದ ಹುಟ್ಟುವ ಜೊಳ್ಳು

ನೇರ ಗೆರೆಯ ಕೊಲೈಡರಿಗೆ ಮರಳೋಣ. ತಿರುವಿಲ್ಲ, ಆದ್ದರಿಂದ ತಿರುವಿನ ನಷ್ಟವೂ ಇಲ್ಲ. ಆದರೆ ಹೊಸದೊಂದು ತೊಡಕು. ಉಂಗುರದಲ್ಲಿ ಈ ಸಲ ತಪ್ಪಿಸಿಕೊಂಡ ಕಣಗಳು ಮುಂದಿನ ಸುತ್ತಿನಲ್ಲಿ ಮತ್ತೆ ಎದುರಾಗುತ್ತವೆ. ನೇರ ಗೆರೆಯಲ್ಲಿ ಒಂದು ಗೊಂಚಲಿಗೆ ಒಂದೇ ಅವಕಾಶ, ದಾಟಿದರೆ ಮುಗಿಯಿತು. ಆ ಒಂದೇ ಸಲದಲ್ಲಿ ಡಿಕ್ಕಿಯಾಗಬೇಕಾದರೆ ಗೊಂಚಲುಗಳನ್ನು ಬಿಗಿಯಾಗಿ ಹಿಂಡಬೇಕು. ಜಪಾನಿನಲ್ಲಿ ಕಟ್ಟಲು ಯೋಚಿಸಿರುವ ಐಎಲ್‌ಸಿ ಎಂಬ ಯಂತ್ರದ ವಿನ್ಯಾಸದಲ್ಲಿ ಗೊಂಚಲಿನ ಎತ್ತರ ಕೆಲವೇ ನ್ಯಾನೋಮೀಟರ್. ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲೊಂದು ಪಾಲು.

ಸಾವಿರಾರು ಕೋಟಿ ಎಲೆಕ್ಟ್ರಾನುಗಳನ್ನು ಅಷ್ಟು ಕಿರಿದಾದ ಜಾಗಕ್ಕೆ ಹಿಂಡಿದರೆ ಆ ಗೊಂಚಲಿನ ಸುತ್ತ ಅತಿ ತೀವ್ರವಾದ ವಿದ್ಯುತ್ ಮತ್ತು ಕಾಂತ ಕ್ಷೇತ್ರ ಏಳುತ್ತದೆ. ಎದುರಿನಿಂದ ಬರುವ ಪಾಸಿಟ್ರಾನುಗಳ ದಾರಿ ಆ ಕ್ಷೇತ್ರದಲ್ಲಿ ಬಾಗುತ್ತದೆ. ಬಾಗಿದ ಮೇಲೆ? ಬೆಳಕು ಚೆಲ್ಲಲೇಬೇಕು. ಸುರಂಗದ ತಿರುವನ್ನು ತೆಗೆದದ್ದೇ ಬೆಳಕಿನ ನಷ್ಟ ತಪ್ಪಿಸಲು. ಡಿಕ್ಕಿಯ ಬಿಂದುವಿನಲ್ಲಿಯೇ ಆ ತಿರುವು ಬೇರೆ ವೇಷದಲ್ಲಿ ಬಂದು ಕೂತಿತು. ಈ ಬೆಳಕಿಗೆ ‘ಬೀಮ್‌ಸ್ಟ್ರಾಲುಂಗ್’ ಎಂದು ಹೆಸರು. ಸ್ಟ್ರಾಲುಂಗ್ ಎಂದರೆ ಜರ್ಮನ್ ಭಾಷೆಯಲ್ಲಿ ವಿಕಿರಣ.

ಇಷ್ಟು ಯಂತ್ರ ರೂಪಿಸುವವರಿಗೆ ಗೊತ್ತಿತ್ತು. ಒಂದಿಷ್ಟು ಶಕ್ತಿ ಪೋಲಾಗುತ್ತದೆ ಎಂದು ಅವರು ಲೆಕ್ಕ ಹಿಡಿದಿದ್ದರು. ಜರ್ಮನಿಯ ಮಾನುಎಲ್ ಡ್ರೀಸ್ ಮತ್ತು ಗೋಡ್ಬೋಲೆ ಕೇಳಿದ್ದು ಮುಂದಿನ ಪ್ರಶ್ನೆ: ಈ ಕಡೆಯ ಗೊಂಚಲು ಚೆಲ್ಲಿದ ಫೋಟಾನೂ ಆ ಕಡೆಯ ಗೊಂಚಲು ಚೆಲ್ಲಿದ ಫೋಟಾನೂ ಒಂದಕ್ಕೊಂದು ಎದುರಾದರೆ ಏನಾಗುತ್ತದೆ?

ಎರಡು ಟಾರ್ಚುಗಳ ಬೆಳಕನ್ನು ಅಡ್ಡಡ್ಡ ಹಾಯಿಸಿದರೆ ಏನೂ ಆಗುವುದಿಲ್ಲ. ಆದರೆ ಇಲ್ಲಿನ ಫೋಟಾನುಗಳ ಶಕ್ತಿ ಟಾರ್ಚಿನ ಬೆಳಕಿಗಿಂತ ಎಷ್ಟೋ ಕೋಟಿ ಪಟ್ಟು ಹೆಚ್ಚು. ಸೂಕ್ಷ್ಮ ಜಗತ್ತಿನಲ್ಲಿ ಕೈಸಾಲದ ಪದ್ಧತಿಯೊಂದಿದೆ. ಫೋಟಾನ್ ಅತ್ಯಲ್ಪ ಕಾಲ ಒಂದು ಕ್ವಾರ್ಕ್ ಮತ್ತು ಅದರ ವಿರುದ್ಧ ವಿದ್ಯುದಂಶದ ಜೋಡಿಯಾದ ಪ್ರತಿಕ್ವಾರ್ಕ್ ಆಗಿ ಒಡೆದು, ಮತ್ತೆ ಕೂಡಿ ಫೋಟಾನ್ ಆಗಿಬಿಡಬಹುದು. ಸಾಲ ತಂದದ್ದೂ ತೀರಿಸಿದ್ದೂ ಯಾರಿಗೂ ತಿಳಿಯುವುದಿಲ್ಲ. ಆದರೆ ಸಾಲ ತೀರಿಸುವ ಮೊದಲೇ ಎದುರಿನಿಂದ ಇನ್ನೊಂದು ಬಂದು ಗುದ್ದಿದರೆ ಆ ಕ್ವಾರ್ಕ್‌ಗಳು ಹೊರಗೆ ಚಿಮ್ಮುತ್ತವೆ, ಕಣಗಳ ಸಣ್ಣ ಸಣ್ಣ ಚಿಲುಮೆಗಳಾಗುತ್ತವೆ. ಅಂದರೆ ಆ ಗಳಿಗೆಯಲ್ಲಿ ಬೆಳಕಿನ ಕಣವೂ ಒಂದು ಕಡಲೆಕಾಯಿ ಮೂಟೆಯಂತೆ ನಡೆದುಕೊಳ್ಳುತ್ತದೆ.

ಗೋಲಿಗಳ ಯಂತ್ರವನ್ನು ಕಟ್ಟಲು ಹೊರಟದ್ದೇ ಮೂಟೆಯ ಚೆಲ್ಲಾಟ ಬೇಡವೆಂದು. ಗೋಲಿಗಳನ್ನು ಅತಿಯಾಗಿ ಹಿಂಡಿದರೆ ಬೆಳಕಿನ ಮೂಲಕ ಅದೇ ಚೆಲ್ಲಾಟ ಹಿಂಬಾಗಿಲಿನಿಂದ ಒಳಗೆ ಬರುತ್ತದೆ ಎಂದು ಈ ಇಬ್ಬರು 1991ರ ಪ್ರಬಂಧದಲ್ಲಿ ತೋರಿಸಿದರು. ಆಗ ಚರ್ಚೆಯಲ್ಲಿದ್ದ ಕೆಲವು ವಿನ್ಯಾಸಗಳಲ್ಲಿ ಇಂಥ ಅನಗತ್ಯ ಘಟನೆಗಳು ಪ್ರತಿ ಹಾಯುವಿಕೆಗೂ ನಡೆಯುವಷ್ಟು ಹೆಚ್ಚಾಗಬಹುದಿತ್ತು. ಇದನ್ನು ಈಗ ಡ್ರೀಸ್–ಗೋಡ್ಬೋಲೆ ಪರಿಣಾಮ ಎನ್ನುತ್ತಾರೆ. ಆ ಯಂತ್ರಗಳಲ್ಲಿ ಒಂದೂ ನೆಲದ ಮೇಲೆ ಇರಲಿಲ್ಲ. ಕಟ್ಟದ ಮನೆಯ ಮಾಡು ಎಲ್ಲಿ ಸೋರುತ್ತದೆ ಎಂದು ನಕ್ಷೆ ನೋಡಿಯೇ ಹೇಳಿದಂತಹ ಕೆಲಸ ಇದು.

ಹಗ್ಗದ ಬದಲು ರಿಬ್ಬನ್

ಹಾಗಾದರೆ ಹಿಂಡದೆ ಇರಬೇಕೆ? ಹಿಂಡದಿದ್ದರೆ ಡಿಕ್ಕಿಯೇ ಆಗುವುದಿಲ್ಲ. ಇಲ್ಲಿ ಒಂದು ಚೆಂದದ ಉಪಾಯವಿದೆ. ಅದಕ್ಕೆ ಬೇಕಾದ್ದು ಗುಣಾಕಾರ ಮತ್ತು ಕೂಡುವ ಲೆಕ್ಕ ಅಷ್ಟೇ.

ಡಿಕ್ಕಿಗಳ ಸಂಖ್ಯೆ ನಿಂತಿರುವುದು ಗೊಂಚಲಿನ ಅಡ್ಡಳತೆಯ ವಿಸ್ತಾರದ ಮೇಲೆ, ಅಂದರೆ ಅಗಲ ಗುಣಿಸು ಎತ್ತರ. ಅದು ಕಡಿಮೆಯಾದಷ್ಟೂ ಒಳ್ಳೆಯದು. ಆದರೆ ಗೊಂಚಲಿನ ಸುತ್ತಲಿನ ಕ್ಷೇತ್ರದ ತೀವ್ರತೆ ನಿಂತಿರುವುದು, ಸ್ಥೂಲವಾಗಿ, ಅಗಲ ಕೂಡಿಸು ಎತ್ತರದ ಮೇಲೆ. ಅದು ಹೆಚ್ಚಾದಷ್ಟೂ ಕ್ಷೇತ್ರ ಸಡಿಲ. ಲೆಕ್ಕ ಸುಲಭವಾಗಲೆಂದು ನಾನೇ ಎರಡು ಅಳತೆ ಆರಿಸಿಕೊಳ್ಳುತ್ತೇನೆ. ಹಗ್ಗದಂತೆ ದುಂಡಗಿನ ಗೊಂಚಲು: ಅಗಲ 60, ಎತ್ತರ 60 ನ್ಯಾನೋಮೀಟರ್. ಗುಣಿಸಿದರೆ 3600, ಕೂಡಿದರೆ 120. ಇನ್ನೊಂದು, ಶಾಲೆಯ ಹುಡುಗಿಯರು ಜಡೆಗೆ ಕಟ್ಟುವ ರಿಬ್ಬನ್ನಿನಂತೆ ಚಪ್ಪಟೆ: ಅಗಲ 600, ಎತ್ತರ 6. ಗುಣಿಸಿದರೆ ಅದೇ 3600. ಕೂಡಿದರೆ 606! ಡಿಕ್ಕಿಗಳ ಸಂಖ್ಯೆ ಅಷ್ಟೇ ಇದೆ, ಕ್ಷೇತ್ರ ಮಾತ್ರ ಐದನೆಯ ಒಂದು ಪಾಲಿಗೆ ಇಳಿಯಿತು. ಬಾಗುವುದು ಕಡಿಮೆ, ಬೆಳಕು ಕಡಿಮೆ, ಜೊಳ್ಳೂ ಕಡಿಮೆ. ಐಎಲ್‌ಸಿ ವಿನ್ಯಾಸದಲ್ಲಿ ಗೊಂಚಲು ಸುಮಾರು 500 ನ್ಯಾನೋಮೀಟರ್ ಅಗಲ, 6ರಿಂದ 8 ನ್ಯಾನೋಮೀಟರ್ ಎತ್ತರ ಇರುವುದು ಈ ಕಾರಣಕ್ಕೆ.

ಚಪ್ಪಟೆ ಮಾಡುವ ಉಪಾಯವನ್ನು ಯಂತ್ರ ವಿನ್ಯಾಸಕರು ಶಕ್ತಿಯ ಪೋಲು ತಡೆಯಲು ಮೊದಲೇ ಬಲ್ಲವರಾಗಿದ್ದರು. ಬೀಮ್‌ಸ್ಟ್ರಾಲುಂಗ್ ಬರೀ ಪೋಲಲ್ಲ, ಅದು ಅಳತೆಯನ್ನೇ ಕೆಡಿಸುವ ಜೊಳ್ಳಿನ ಮೂಲ ಎಂಬುದು ಡ್ರೀಸ್–ಗೋಡ್ಬೋಲೆ ಲೆಕ್ಕದಿಂದ ಎದ್ದುಬಂತು. ಹಾಗಾಗಿ ಅದನ್ನು ಹತೋಟಿಯಲ್ಲಿಡುವುದು ಮುಂದಿನ ವಿನ್ಯಾಸಗಳಲ್ಲಿ ಮೊದಲ ಸಾಲಿನ ಚಿಂತೆಯಾಯಿತು. ಗೋಡ್ಬೋಲೆ ಮುಂದೆ ಐಎಲ್‌ಸಿಯ ಪತ್ತೆಯಂತ್ರಗಳ ಅಂತಾರಾಷ್ಟ್ರೀಯ ಸಲಹಾ ಗುಂಪಿನಲ್ಲೂ ಇದ್ದರು.

ಹುಟ್ಟಿದೊಡನೆ ಸಾಯುವ ಕಣದ ಮಾತು

ಬೆಂಗಳೂರಿನ ವರ್ಷಗಳಲ್ಲಿ ಅವರು ಬಹಳ ಕೆಲಸ ಮಾಡಿದ ಇನ್ನೊಂದು ವಿಷಯ ಟಾಪ್ ಕ್ವಾರ್ಕ್. ನಮಗೆ ಗೊತ್ತಿರುವ ಮೂಲಕಣಗಳಲ್ಲೆಲ್ಲ ಇದೇ ಭಾರದ್ದು, ಸುಮಾರು 173 ಜಿಇವಿ. ಉಳಿದ ಕ್ವಾರ್ಕ್‌ಗಳು ಹುಟ್ಟಿದೊಡನೆ ಬೇರೆಯವುಗಳ ಜೊತೆ ಕೂಡಿಕೊಂಡು ತಮ್ಮ ಗುರುತು ಮರೆಸಿಕೊಳ್ಳುತ್ತವೆ. ಟಾಪ್ ಮಾತ್ರ ಎಷ್ಟು ಬೇಗ ಒಡೆಯುತ್ತದೆ ಎಂದರೆ ಅದಕ್ಕೆ ಯಾರ ಜೊತೆಗೂ ಕೂಡಿಕೊಳ್ಳಲು ಸಮಯವೇ ಇರುವುದಿಲ್ಲ. ಹೀಗಾಗಿ ಅದು ಯಾವ ದಿಕ್ಕಿಗೆ ಬುಗುರಿಯಂತೆ ತಿರುಗುತ್ತಾ ಹುಟ್ಟಿತ್ತು ಎಂಬ ಸುಳಿವು ಅದರಿಂದ ಬಂದ ಕಣಗಳಿಗೆ ಹಾಗೆಯೇ ದಾಟುತ್ತದೆ.

ಆ ಸುಳಿವನ್ನು ಓದುವ ಬಗೆಯನ್ನು ಗೋಡ್ಬೋಲೆ ಮತ್ತು ಅವರ ಸಂಗಡಿಗರು ಹುಡುಕಿದರು. ಟಾಪ್ ಒಡೆದಾಗ ಬರುವ ಎಲೆಕ್ಟ್ರಾನ್ ಅಥವಾ ಮ್ಯೂಆನ್ ಯಾವ ಕೋನದಲ್ಲಿ ಹೊರಟಿತು ಎಂದು ಅಳೆದರೆ, ಟಾಪ್ ಒಡೆಯುವ ರೀತಿಯಲ್ಲಿ ಸಣ್ಣಪುಟ್ಟ ಹೊಸ ಪರಿಣಾಮಗಳಿದ್ದರೂ ಆ ಅಳತೆ ಬಹುಮಟ್ಟಿಗೆ ಕದಡುವುದಿಲ್ಲ. ಟಾಪ್ ಹುಟ್ಟಿದ ರೀತಿಯನ್ನಷ್ಟೇ ಅದು ಹೇಳುತ್ತದೆ. ಇಲ್ಲಿಯೂ ಪ್ರಶ್ನೆ ಅದೇ: ಯಾವ ಅಳತೆಯನ್ನು ನಂಬಬಹುದು, ಯಾವುದರಲ್ಲಿ ಬೇರೆ ಏನೋ ಬೆರೆತಿದೆ?

ಇನ್ನು ಮುಂದೆ

ಎಲ್‌ಎಚ್‌ಸಿ ಮಾರ್ಪಾಡಾಗಿ ಮತ್ತೆ ಶುರುವಾಗುವುದು 2030ರ ಸುಮಾರಿಗೆ. ಆಗ ಶಕ್ತಿ ಹೆಚ್ಚುಕಡಿಮೆ ಈಗಿನಷ್ಟೇ. ಏರುವುದು ಡಿಕ್ಕಿಗಳ ಸಂಖ್ಯೆ. ಗೊಂಚಲುಗಳ ಒಂದು ಹಾಯುವಿಕೆಯಲ್ಲಿ 140ರಿಂದ 200 ಡಿಕ್ಕಿಗಳು ಒಂದರ ಮೇಲೊಂದು ಬೀಳಲಿವೆ. ತೂರುವ ಕೆಲಸ ಅಷ್ಟೂ ಕಠಿಣವಾಗುತ್ತದೆ. ಸಿಎಂಎಸ್ ಮತ್ತು ಅಲೈಸ್ ಎಂಬ ಪ್ರಯೋಗಗಳಲ್ಲಿ ಭಾರತದ ಹಲವು ಸಂಸ್ಥೆಗಳಿವೆ, 2017ರಿಂದ ಭಾರತ ಸರ್ನ್‌ನ ಸಹ ಸದಸ್ಯ ರಾಷ್ಟ್ರವೂ ಹೌದು.

ಅದರಾಚೆಗೆ ಬೇಕಿರುವುದು ಹಿಗ್ಸ್ ಬೋಸಾನನ್ನು ರಾಶಿಗಟ್ಟಲೆ ತಯಾರಿಸಿ ನಿಖರವಾಗಿ ಅಳೆಯುವ ಯಂತ್ರ, ಅಂದರೆ ಮತ್ತೆ ಗೋಲಿಗಳ ಯಂತ್ರ. ಐಎಲ್‌ಸಿ ನೇರ ಗೆರೆಯದು. ಸರ್ನ್‌ನ 91 ಕಿಲೋಮೀಟರ್ ಯೋಜನೆಯೂ, ಅದರಂತೆಯೇ ಚೀನಾ ಮುಂದಿಟ್ಟಿರುವ ಸುಮಾರು 100 ಕಿಲೋಮೀಟರ್ ಯೋಜನೆಯೂ ಉಂಗುರಗಳು. ಉಂಗುರ ದೊಡ್ಡದಾದಷ್ಟು ತಿರುವು ಮೆಲ್ಲಗಾಗುತ್ತದೆ, ಬೆಳಕಿನ ನಷ್ಟ ಇಳಿಯುತ್ತದೆ. ಅಷ್ಟು ಉದ್ದದ ಸುರಂಗ ಬೇಕಾಗಿರುವುದಕ್ಕೆ ಇದೇ ಮುಖ್ಯ ಕಾರಣ. ಎಲ್ಲದರಲ್ಲೂ ಹಿಗ್ಸ್ ತಯಾರಿಸಲು ಇಟ್ಟುಕೊಂಡಿರುವ ಗುರಿ 240ರಿಂದ 250 ಜಿಇವಿ. ಹಿಗ್ಸ್‌ನ 125ಕ್ಕೆ ಅದರ ಜೊತೆ ಹುಟ್ಟುವ ಝಡ್ ಎಂಬ ಕಣದ 91 ಕೂಡಿಸಿದರೆ 216. ಅದಕ್ಕಿಂತ ಸ್ವಲ್ಪ ಮೇಲೆ ಇಟ್ಟರೆ ಈ ಜೋಡಿ ಚೆನ್ನಾಗಿ ಹುಟ್ಟುತ್ತದೆ.

ಬೀಮ್‌ಸ್ಟ್ರಾಲುಂಗ್ ಉಂಗುರದಲ್ಲೂ ಬಿಡುವುದಿಲ್ಲ. ಅಲ್ಲಿ ಅದರ ಕಾಟ ಇನ್ನೊಂದು ಬಗೆಯದು: ಡಿಕ್ಕಿಯ ಬಿಂದುವಿನಲ್ಲಿ ಬೆಳಕು ಚೆಲ್ಲಿ ಹೆಚ್ಚು ಶಕ್ತಿ ಕಳೆದುಕೊಂಡ ಎಲೆಕ್ಟ್ರಾನ್ ದಾರಿ ತಪ್ಪಿ ಉಂಗುರದಿಂದ ಹೊರಬೀಳುತ್ತದೆ, ಗೊಂಚಲು ಬೇಗ ಕರಗುತ್ತದೆ. ನೇರ ಗೆರೆಯ ಯಂತ್ರಗಳಲ್ಲಿ ಶಕ್ತಿ ಹೆಚ್ಚಿಸಿದಂತೆ ಬೆಳಕಿನಿಂದ ಬರುವ ಜೊಳ್ಳು ಹೆಚ್ಚುತ್ತದೆ. ಕ್ಲಿಕ್ ಎಂಬ ಸರ್ನ್‌ನ ಇನ್ನೊಂದು ಯೋಜನೆಯಲ್ಲಿ, 3000 ಜಿಇವಿಯ ಹಂತಕ್ಕೆ, ಪ್ರತಿ ಹಾಯುವಿಕೆಗೂ ಇಂಥ ಸುಮಾರು ಮೂರು ಘಟನೆಗಳು ಬೀಳುತ್ತವೆ ಎಂದು ಲೆಕ್ಕ ಹಾಕಿದ್ದಾರೆ. ಆ ಹಾಯುವಿಕೆಗಳ ನಡುವಿನ ಅಂತರ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನ ಅರ್ಧ. ಆದ್ದರಿಂದ ಅದರ ಪತ್ತೆಯಂತ್ರವನ್ನು ರೂಪಿಸುತ್ತಿರುವವರು, ಪ್ರತಿಯೊಂದು ಕಣವೂ ಯಾವ ಗಳಿಗೆಯಲ್ಲಿ ಬಂದು ತಾಗಿತು ಎಂಬ ಗುರುತನ್ನು ಅದರ ಮೇಲೆಯೇ ಒತ್ತಿ, ಅದನ್ನು ನೋಡಿ ಜೊಳ್ಳನ್ನು ಬಿಡಿಸುವ ವ್ಯವಸ್ಥೆಯನ್ನು ಮೊದಲ ನಕ್ಷೆಯಲ್ಲೇ ಸೇರಿಸಿದ್ದಾರೆ.